ಡಕೋಟಾದಲ್ಲಿ ಅಮ್ಮನ ಸೀಟು

ಸೂಲೂರು
19-11-2024

ನನ್ನ ಪ್ರೀತಿಯ ತಂಗಿ ಗೋಕಿಲಾಗೆ,

ದೊಡ್ಡಬಳ್ಳಾಪುರದಲ್ಲಿ ನೀನು, ಮಗ, ಸೊಸೆ ಎಲ್ಲರೂ ಸೌಖ್ಯವೆಂದು ನಂಬಿದ್ದೇನೆ. ನಿನ್ನ ಕಣ್ಣಿನ ಆಪರೇಷನ್ ಆಗಿ ಇಷ್ಟು ದಿನವಾದರೂ ಅಕ್ಕ ಅನ್ನಿಸಿಕೊಂಡವಳು ಒಂದು ಕಾಗದ ಹಾಕಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪು ನನ್ನದೇ. ಫೋನಿನಲ್ಲಿ ನಾವಿಬ್ಬರು ಮಾತಿಗೆ ಕೂತರೆ ಏನಾಗುತ್ತದೆಂದು ನಿನಗೆ ಗೊತ್ತಲ್ಲ. ಐದನೇ ನಿಮಿಷಕ್ಕೆ ನೀನು ಅಳುತ್ತೀಯ, ಆರನೇ ನಿಮಿಷಕ್ಕೆ ನಾನು ಜಗಳ ತೆಗೆಯುತ್ತೇನೆ. ಈ ವಿಷಯವನ್ನು ಹಾಗೆ ಹೇಳಿ ಕೆಡಿಸಲು ಮನಸ್ಸು ಬರಲಿಲ್ಲ.

ತಮಿಳು ಇಸ್ಕೂಲಿನಲ್ಲಿ ಓದಿದ ಅಕ್ಕನಿಗೆ ಕನ್ನಡ ಬರೆಯಲು ಯಾವಾಗ ಬಂತೆಂದು ಹುಬ್ಬೇರಿಸಬೇಡ. ಬರೆಯುತ್ತಿರುವವಳು ಜಾಸ್ಮಿನ್. ಪುತ್ತೂರಿನವಳು, ಅವಿನಾಶಿ ರಸ್ತೆಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಾ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದಾಳೆ. ಇನ್ನೂ ಒಂದು ತಿಂಗಳು ಓದಬಾರದೆಂದು ಡಾಕ್ಟರು ನಿನಗೆ ಕಟ್ಟಪ್ಪಣೆ ಮಾಡಿದ್ದಾರಂತೆ. ನಿನ್ನ ಸೊಸೆಯೇ ಓದಿ ಹೇಳಬೇಕು, ಅವಳಿಗೆ ತಮಿಳು ಬಾರದು. ಅದಕ್ಕೆ ಈ ಹುಡುಗಿಯನ್ನು ಹಿಡಿದು ಕೂರಿಸಿದೆ. ನಾನು ನಮ್ಮ ಮನೆಮಾತಿನ ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ, ಅವಳು ಅದಕ್ಕೆ ತಲೆ ಬಾಚಿ ಹೂ ಮುಡಿಸಿ ಕಾಗದದ ಮೇಲೆ ಕೂರಿಸುತ್ತಾಳೆ. ಓದುವಾಗ ಇದು ಪೆರಿಯನಾಯಕಿಯ ಮಾತೇ ಅಲ್ಲ ಅನ್ನಿಸಿದರೆ ನನ್ನನ್ನು ಕೇಳಬೇಡ.

ಮೊದಲು ಊರ ಸುದ್ದಿ. ನಿನ್ನ ಭಾವನ ಮಂಡಿನೋವು ಹಾಗೇ ಇದೆ, ಎಣ್ಣೆ ಹಚ್ಚಿಸಿಕೊಳ್ಳುವ ಆಸೆಯೂ ಹಾಗೇ ಇದೆ. ನಮ್ಮ ಬೀದಿಯಲ್ಲಿ ಈಗ ಕೈಮಗ್ಗ ಒಂದೂ ಉಳಿದಿಲ್ಲ. ಪವರ್‌ಲೂಮಿನ ಸದ್ದಿನಲ್ಲಿ ಕುಕ್ಕರ್ ಎಷ್ಟು ಸಲ ಕೂಗಿತೆಂದು ತಿಳಿಯುವುದಿಲ್ಲ. ಅಮ್ಮನಿಗೆ ಎಂಬತ್ತೇಳು ತುಂಬಿತು. ಕಾಲು ಸೋತಿದೆ. ಬಾಯಿ ಸೋತಿಲ್ಲ, ನನ್ನ ಸಾಂಬಾರಿನಲ್ಲಿ ದಿನಕ್ಕೊಂದು ತಪ್ಪು ಹಿಡಿಯುತ್ತಾಳೆ.

ಈಗ ನಿಜವಾದ ಸುದ್ದಿ. ದೀಪಾವಳಿಗೆ ಮುಂಚೆ ಒಂದು ಸಂಜೆ ಜಾಸ್ಮಿನ್ ಕಾಲೇಜಿನಿಂದ ಬಂದು ಬೀಗದ ಕೈ ಕೇಳಿದಳು. ಅವಳು ಕೈ ಚಾಚಿದಾಗ ಒಂದು ವಾಸನೆ ಬಂತು ನೋಡು, ಗೋಕಿಲಾ. ಅತಿಯಾಗಿ ಕಳಿತ ಬಾಳೆಹಣ್ಣಿನ ವಾಸನೆ, ಅದರ ಹಿಂದೆ ಮೂಗಿಗೆ ಚುಚ್ಚುವ ಔಷಧಿ. ಅಪ್ಪನ ಅಂಗಿಯ ವಾಸನೆ! ನೀನು ಅವರ ತೋಳಿನ ಮೇಲೆ ಮಲಗಿ ಮೂಗು ಒತ್ತಿಕೊಂಡೇ ನಿದ್ದೆ ಹೋಗುತ್ತಿದ್ದೆಯಲ್ಲ, ಅದೇ. ಅಪ್ಪ ಹೋಗಿ ಹತ್ತೊಂಬತ್ತು ವರ್ಷವಾಯಿತು. ನಾನು ಆ ಹುಡುಗಿಯ ಕೈ ಹಿಡಿದುಕೊಂಡು ಬಾಗಿಲಲ್ಲೇ ನಿಂತು ಅತ್ತೆ. ಅವಳು ಹೆದರಿ, "ಆಂಟಿ, ಏನಾಯ್ತು ಮಾರಾಯ್ರೆ?" ಎಂದಳು.

ಅವರ ಕಾಲೇಜಿಗೆ ಒಂದು ಹಳೆಯ ಡಕೋಟಾ ವಿಮಾನ ಬಂದಿದೆಯಂತೆ. ಹಾರುವುದಕ್ಕಲ್ಲ, ನೋಡುವುದಕ್ಕೆ. ವಾಯುಪಡೆಯಲ್ಲಿ ದುಡಿದು ಮೂಲೆ ಸೇರಿದ್ದನ್ನು ತಂದು ಹುಡುಗರು ರಿಪೇರಿ ಮಾಡುತ್ತಿದ್ದಾರೆ. "ಇಷ್ಟು ದೊಡ್ಡ ಪ್ಲೇನು ಆಂಟಿ, ಆದ್ರೆ ಬಾಲದಲ್ಲಿ ತಿರುಗುವ ರಡ್ಡರಿಗೆ ಬಟ್ಟೆ ಹೊದಿಸ್ತಾರೆ, ಗೊತ್ತುಂಟಾ?" ಎಂದಳು. ನನಗೆ ಗೊತ್ತಿಲ್ಲದೆ! ಮಗ್ಗ ಬಿಟ್ಟು ವಾಯುಪಡೆಯ ಡಿಪೋ ಸೇರಿದ ನಮ್ಮಪ್ಪ ಲಿಂಗಪ್ಪನ್ ಇಪ್ಪತ್ತೆಂಟು ವರ್ಷ ಮಾಡಿದ್ದು ಅದನ್ನೇ ಎಂದೆ. ಬಟ್ಟೆಯನ್ನು ಹೊಲಿದು, ಎಳೆದು ಕಟ್ಟಿ, ಡೋಪ್ ಎಂಬ ಆ ವಾಸನೆಯ ನೀರನ್ನು ಬ್ರಷ್ಷಿನಲ್ಲಿ ಹಚ್ಚುವುದು. ಒಣಗಿದರೆ ಬಟ್ಟೆ ಬಿಗಿದು ತಮಟೆಯಂತಾಗುತ್ತದೆ. ಮಗ್ಗ ಬಿಟ್ಟನೆಂದು ಬೀದಿಯವರು ಆಡಿಕೊಂಡಾಗ ಅಪ್ಪ, "ನಾ ಎಲ್ಲಿ ಬುಟ್ಟೆ? ಪಾವ್ಗೆ ಗಂಜಿ, ಏರೋಪ್ಲೇನ್ಗೆ ಡೋಪು. ಅಷ್ಟೇ ತಾನೆ?" ಎನ್ನುತ್ತಿದ್ದರು.

ಪಾವು ಎಂದರೇನು ಎಂದು ಜಾಸ್ಮಿನ್ ಪೆನ್ನು ನಿಲ್ಲಿಸಿ ಕೇಳುತ್ತಿದ್ದಾಳೆ. ನಿನ್ನ ಸೊಸೆಗೂ ತಿಳಿಯಲಿ. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲನ್ನೆಲ್ಲ ಬೀದಿಯುದ್ದಕ್ಕೂ ಬಿಗಿದು ಕಟ್ಟಿ, ಬಿಸಿಲೇರುವ ಮುಂಚೆ ಗಂಜಿ ಹಚ್ಚಿ, ಎರಡೂ ಕಡೆ ನಿಂತು ಬ್ರಷ್ಷಿನಿಂದ ಬಾಚಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಇವತ್ತು ಅವರ ಮನೆಯದಕ್ಕೆ ನಾವು, ನಾಳೆ ನಮ್ಮದಕ್ಕೆ ಅವರು. ಗಂಜಿ ಹಚ್ಚಿದ ಮೇಲೆ ಕೈ ಬಿಟ್ಟರೆ ನೂಲು ಅಂಟಿಕೊಂಡು ಹಾಳಾಗುತ್ತದೆ.

ಅಮ್ಮನಿಗೆ ಡಕೋಟಾ ಸುದ್ದಿ ಹೇಳಿದ್ದೇ ತಡ, "ಕರ್ಕೊಂಡೋಗು" ಎಂದಳು. ಕಕ್ಕಸಿಗೆ ಹೋಗಲು ಇಬ್ಬರ ಹೆಗಲು ಬೇಕು, ವಿಮಾನ ಹತ್ತುತ್ತಾಳಂತೆ! ನಾನು ಆಗದೆಂದೆ. ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಮೂರನೆಯ ದಿನ ನಾನೇ ಸೋತು ಕಾರು ಹೇಳಿದೆ.

ಎಂಟನೇ ತಾರೀಕು ಶುಕ್ರವಾರ ಹೋದೆವು. ಅಮ್ಮ ತಲೆಗೆ ಹೂ ಮುಡಿದು, ಹಸಿರು ಸೀರೆ ಉಟ್ಟು, ಗಾಲಿಕುರ್ಚಿಯಲ್ಲಿ ಕೂತು ವಿಮಾನದ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿಕೊಂಡಳು. ರಡ್ಡರಿನ ಹತ್ತಿರ ನಿಲ್ಲಿಸಲು ಹೇಳಿ ಹುಡುಗರು ಹೊಲಿದ ಹೊಲಿಗೆಯನ್ನು ಬೆರಳಿನಲ್ಲಿ ಸವರಿ ನೋಡಿದಳು. "ಪರ್ವಾಗಿಲ್ಲ. ನಮ್ಮೋರು ಇನ್ನೂ ಸಣ್ಣಕ್ಕೆ ಹಾಕೋರು" ಎಂದಳು. ಹುಡುಗರಿಗೆ ಖುಷಿಯೋ ಖುಷಿ. ಸುತ್ತ ಕೂತು ಹಳೆಯ ಕಥೆ ಹೇಳಿ ಎಂದರು. ಅಮ್ಮನಿಗೆ ಅಷ್ಟು ಸಾಕಲ್ಲ, ನೀನೂ ನಾನೂ ಸಾವಿರ ಸಲ ಕೇಳಿದ್ದನ್ನು ಶುರು ಮಾಡಿದಳು.

ಎಪ್ಪತ್ತನೇ ಇಸವಿಯ ವಾಯುಪಡೆ ದಿನ. ಡಿಪೋದ ಕೆಲಸಗಾರರ ಮನೆಯಿಂದ ಒಬ್ಬೊಬ್ಬರನ್ನು ಡಕೋಟಾದಲ್ಲಿ ಕೂರಿಸಿ ಒಂದು ಸುತ್ತು ಹಾರಿಸುತ್ತೇವೆಂದಿದ್ದರು. ಅಪ್ಪ ಅಮ್ಮನ ಹೆಸರು ಬರೆಸಿದ್ದರು. ಹತ್ತು ಗಂಟೆಗೆ ಎಂದಿದ್ದನ್ನು ಮೋಡ ಬರುತ್ತದೆಂದು ಬೆಳಿಗ್ಗೆ ಎಂಟಕ್ಕೇ ಇಟ್ಟುಬಿಟ್ಟರು. ಅಂದು ನಮ್ಮ ಬೀದಿಯ ನಂಜಪ್ಪನ್ ಮನೆಯ ಪಾವು. ಅಮ್ಮ ಬೆಳಗ್ಗೆಯೇ ಬ್ರಷ್ ಹಿಡಿದು ಬೀದಿಗಿಳಿದಿದ್ದಳು. ಅಮ್ಮನನ್ನು ಕರೆದುಕೊಂಡು ಬಾ ಎಂದು ಅಪ್ಪ, ಡಿಪೋಗೆ ತಮ್ಮ ಜೊತೆ ಬಂದಿದ್ದ ನನ್ನನ್ನು ಸೈಕಲ್ಲಿನಲ್ಲಿ ಓಡಿಸಿದರು. ನನಗೆ ಹನ್ನೆರಡು ವರ್ಷ. ನಿನಗೆ ಐದು.

"ಗಂಜಿ ಹಚ್ಚಾಗಿತ್ತು ನನ್ ಕಣ್ಣೇ," ಎಂದು ಅಮ್ಮ ಜಾಸ್ಮಿನ್‌ಳ ಕೆನ್ನೆ ತಟ್ಟಿ ಹೇಳಿದಳು. "ಅರ್ಧದಲ್ಲಿ ಬುಟ್ಟು ಹೋದ್ರೆ ನಂಜಪ್ಪಣ್ಣನ ಪೊಳಪ್ಪೇ, ಹೊಟ್ಟೆಪಾಡೇ ಕೆಟ್ಟೋಗೋದು. 'ನೀ ಹೋಗು ತಾಯಿ'ಂತ ಇವಳ್ನ ಕಳ್ಸ್ದೆ. ಇವ್ಳು ಮ್ಯಾಲಿಂದ ಎಲ್ಲಾ ನೋಡಿದ್ಳು. ಕೆರೆ ನೋಡಿದ್ಳು, ಬೀದೀಲಿ ಬಿಳೀಕೆ ಪಾವು ನೋಡಿದ್ಳು. ನಾ ಕೈ ಆಡ್ಸಿದ್ದೂ ಇವಳ್ಗೆ ಕಾಣ್ಸ್ತು. ನಾ ಹೋಗಿದ್ರೆ ಕಣ್ಮುಚ್ಚಿ ಚೌಡಮ್ಮನ್ನ ಕೂಗ್ತಾ ಕೂತಿರ್ತಿದ್ದೆ. ಇವ್ಳು ಹೋದ್ದೇ ಒಳ್ಳೇದಾಯ್ತು."

ಹುಡುಗರು ಚಪ್ಪಾಳೆ ತಟ್ಟಿದರು. ಆಮೇಲೆ ನಾಲ್ವರು ಸೇರಿ ಕುರ್ಚಿ ಸಮೇತ ಎತ್ತಿ ಒಳಗೆ ಬಿಟ್ಟರು. ಒಳಗಿನ ನೆಲ ಬಾಲದ ಕಡೆಗೆ ಇಳಿಜಾರು. ಬೆಂಚಿನಂಥ ಸೀಟುಗಳು ಎರಡು ಗೋಡೆಗಳ ಉದ್ದಕ್ಕೂ ಎದುರುಬದುರಾಗಿವೆ. ಅಮ್ಮನನ್ನು ಒಂದರಲ್ಲಿ ಕೂರಿಸಿ ಬೆಲ್ಟು ಹಾಕಿ, ನಮ್ಮಿಬ್ಬರನ್ನೇ ಬಿಟ್ಟು ಹುಡುಗರು ಇಳಿದರು. ಹತ್ತು ನಿಮಿಷ ಕೂತಿದ್ದೆವು. ಇಳಿಸುವಾಗ ದಣಿದಿದ್ದಳು. ಅಂದಿನಿಂದ ಊಟ ಸ್ವಲ್ಪ ಕಡಿಮೆ. ಜ್ವರವೇನೂ ಇಲ್ಲ. ವಯಸ್ಸಾಯಿತಲ್ಲ ಎಂದು ನಿನ್ನ ಭಾವ ಅನ್ನುತ್ತಾರೆ.

ಈಗೀಗ ನಿನ್ನ ನೆನಪು ಜಾಸ್ತಿ ಆಗುತ್ತಿದೆ. ಬಟ್ಟೆ ಮಡಚುವಾಗ ಇನ್ನೊಂದು ತುದಿ ಹಿಡಿಯಲು ನೀನಿಲ್ಲ ಅನ್ನಿಸುತ್ತದೆ. ಮದುವೆಯಾಗಿ ಹೋಗಿ ನಲವತ್ತು ವರ್ಷವಾದವಳನ್ನು ನೆನೆದು ಹೀಗನ್ನಿಸಿದರೆ ನಗು ಬರುತ್ತದೆ, ಆದರೂ ಅನ್ನಿಸುತ್ತದೆ. ಡಾಕ್ಟರು ಬಿಟ್ಟ ಕೂಡಲೇ ಒಂದು ವಾರಕ್ಕಾದರೂ ಹೊರಟು ಬಾ. ಕಣ್ಣಿಗೆ ಔಷಧಿ ಬಿಡುವುದನ್ನು ತಪ್ಪಿಸಬೇಡ, ಒಲೆಯ ಮುಂದೆ ನಿಲ್ಲಬೇಡ. ಮಗ ಸೊಸೆ ನೂರು ಕಾಲ ಚೆನ್ನಾಗಿರಲಿ. ತಾಯಿ ಚೌಡೇಶ್ವರಿ ನಿನ್ನ ಕಣ್ಣನ್ನು ಕಾಯಲಿ.

ಇಂತಿ ನಿನ್ನ ಅಕ್ಕ,
ಪೆರಿಯನಾಯಕಿ

ತಾ.ಕ.: ಗೋಕಿಲಾ, ಜಾಸ್ಮಿನ್ ಮೇಲೆ ಹೋದಳು. ಇದು ನಾನೇ ಬರೆಯುತ್ತಿರುವುದು. ಮಾತು ಕನ್ನಡ, ಅಕ್ಷರ ತಮಿಳು. ನಿನ್ನ ಸೊಸೆಗೆ ಇದನ್ನು ಓದಲಾಗದು. ಓದಲಾಗದಿರಲಿ ಎಂದೇ ಹೀಗೆ ಬರೆದೆ. ಕಣ್ಣು ವಾಸಿಯಾದ ಮೇಲೆ ನೀನೊಬ್ಬಳೇ ಕೂತು ಓದು.

ಅಂದು ನಾನು ಅಮ್ಮನನ್ನು ಕರೆಯಲೇ ಇಲ್ಲ.

ಬೀದಿಯ ತಿರುವಿನವರೆಗೆ ಬಂದೆ. ಅಮ್ಮ ಮೊಣಕೈವರೆಗೆ ಗಂಜಿ ಮಾಡಿಕೊಂಡು ಬ್ರಷ್ ಎಳೆಯುತ್ತಿದ್ದಳು. ಹತ್ತು ಗಂಟೆಗೆಂದೇ ಅವಳ ಲೆಕ್ಕ. ಕರೆದಿದ್ದರೆ ಓಡಿ ಬರುತ್ತಿದ್ದಳು. ಅವಳ ಜಾಗದಲ್ಲಿ ತಾನು ನಿಲ್ಲುತ್ತೇನೆಂದು ನಂಜಪ್ಪನ್ ಹೆಂಡತಿ ಹಿಂದಿನ ದಿನವೇ ಹೇಳಿದ್ದರು, ಹಸಿರು ಸೀರೆ ಟ್ರಂಕಿನ ಮೇಲೆ ಮಡಚಿ ಇಟ್ಟಿತ್ತು. ನಾನು ಸೈಕಲ್ ತಿರುಗಿಸಿದೆ. ಪಾವು ಬಿಟ್ಟು ಬರಲಾಗದಂತೆ, ನನ್ನನ್ನೇ ಹೋಗು ಅಂದಳು ಎಂದು ಅಪ್ಪನಿಗೆ ಹೇಳಿದೆ. ಅಪ್ಪ ಕೆಳಗೆ ಉಳಿದರು, ನಾನು ಹತ್ತಿದೆ. ವಿಮಾನ ಬೀದಿಯ ಮೇಲೆ ಹೋದಾಗ ಅಮ್ಮ ಕೈ ಬೀಸಿದ್ದು ನಿಜವಂತೆ, ಬೀದಿಯವರು ಹೇಳಿದರು. ಅದು ತನ್ನದೇ ವಿಮಾನವೆಂದು ಅವಳಿಗೆ ಗೊತ್ತಿರಲಿಲ್ಲ.

ಸಂಜೆ ಅಪ್ಪ ಬಂದವರೇ, "ಏನ್ ಅಂಗಮ್ಮಾ, ಆಳ್ ಕಳ್ಸಿದ್ರೂ ಬರ್ಲಿಲ್ವಲ್ಲ ನೀನು?" ಎಂದರು. ಅಮ್ಮ ನನ್ನ ಮುಖ ನೋಡಿದಳು. ಒಂದೇ ಸಲ. ಆಮೇಲೆ, "ಗಂಜಿ ಹಚ್ಚಿದ ಪಾವ್ ಬುಟ್ಟು ಯಂಗ್ರೀ ಬರಾದು?" ಎಂದಳು. ಅಷ್ಟೇ. ಐವತ್ತನಾಲ್ಕು ವರ್ಷದಿಂದ ಅವಳು ಊರಿಗೆಲ್ಲ ಹೇಳಿಕೊಂಡು ಬಂದ ಕಥೆ ನನ್ನ ಸುಳ್ಳು. ನನ್ನನ್ನು ಕಾಯಲು ಹೇಳಿದಳು. ನನ್ನನ್ನು ಮಾತ್ರ ಒಂದು ದಿನವೂ ಏಕೆಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಂದು ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು, ಏನೇನು ಕಂಡಿತು ಎಂದಷ್ಟೇ ಕೇಳಿದ್ದಳು. ಕೆರೆ ಕಂಡಿತಾ? ಹೂಂ ಎಂದೆ. ಪಾವು? ಹೂಂ. ನಾನು ಕಂಡೆನಾ? ಅದಕ್ಕೂ ಹೂಂ ಎಂದೆ.

ಈಗ ಎಂಟನೇ ತಾರೀಕು ಡಕೋಟಾದಲ್ಲಿ ಬೆಲ್ಟು ಹಾಕಿಸಿಕೊಂಡು ಕೂತವಳು ಹೊರಗೆ ನೋಡಲು ಕತ್ತು ತಿರುಗಿಸಿದಳು. ಕಿಟಕಿ ಬೆನ್ನ ಹಿಂದೆ ಇದೆ, ಗೋಕಿಲಾ. ಮೈಯೆಲ್ಲ ತಿರುಚಿದರೂ ಅವಳಿಗೆ ಸಿಗಲಿಲ್ಲ. "ಕೂಸು, ನೀ ಎತ್ತಾಗಿಂದ ನೋಡ್ದೆ?" ಎಂದು ಕೇಳಿದಳು. ಅನುಮಾನದಿಂದಲ್ಲ. ತಾನೂ ಹಾಗೇ ಕೂತು ನೋಡಬೇಕೆಂದು. ನನ್ನ ಬಾಯಿಗೆ ಇನ್ನೊಂದು ಹೂಂ ಬರಲಿಲ್ಲ. ನಾನು ಏನೂ ನೋಡಲಿಲ್ಲಮ್ಮ, ಏರಿದಾಗಿನಿಂದ ಇಳಿಯುವವರೆಗೆ ಕಣ್ಣು ಮುಚ್ಚಿಕೊಂಡಿದ್ದೆ ಎಂದೆ. ಕರೆಯದೆ ಬಂದೆನೆಂಬ ಭಯಕ್ಕೆ, ದೇವರು ಬೀಳಿಸುತ್ತಾನೆಂಬ ಭಯಕ್ಕೆ.

ಬೈಯಲಿಲ್ಲ. ಕರೆಯದ್ದಕ್ಕೆ ಒಂದು ಮಾತೂ ಇಲ್ಲ, ಅದನ್ನು ಅವಳು ಯಾವಾಗಲೋ ನುಂಗಿದ್ದಾಳೆ. "ನೀನಾದ್ರೂ ನೋಡ್ದೆ ಅಂದ್ಕೊಂಡಿದ್ದೆ" ಎಂದಳು. ಮತ್ತೆ ಬೆಲ್ಟು ಬಿಚ್ಚು ಎಂದಳು.

ಹನ್ನೊಂದು ದಿನವಾಯಿತು. ಮೊನ್ನೆ ನಂಜಪ್ಪನ್ ಸೊಸೆ ಬಂದು, "ಅತ್ತೇ, ಆ ಏರೋಪ್ಲೇನ್ ಕಥೆ ನನ್ ಮೊಮ್ಮಗ್ಳಿಗೆ ಹೇಳಿ" ಎಂದು ಕಾಡಿದಳು. ಅಮ್ಮ, "ಮರ್ತೋಯ್ತು" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಮರೆತಿಲ್ಲ ಗೋಕಿಲಾ. ನೀನು ಬಾ. ಬಂದು ಅವಳ ಪಕ್ಕದಲ್ಲಿ ಕೂತು ಆ ಕಥೆ ಹೇಳೆಂದು ಕೇಳು, ಏನೂ ಗೊತ್ತಿಲ್ಲದವಳ ಹಾಗೆ ಕೇಳು. ನೀನು ಕೇಳಿದರೆ ಹೇಳಬಹುದು. ನಾನು ಎದುರಿಗೆ ಬರುವುದಿಲ್ಲ. ಅಡುಗೆಮನೆಯಲ್ಲೇ ನಿಂತು ಕೇಳಿಸಿಕೊಳ್ಳುತ್ತೇನೆ.