ಹದಿನೈದಕ್ಕೆ ಮೂರು

ಹರಿಹರ, ಸೋಮವಾರ

ಬುಷ್ರಾ ಸಿಸ್ಟರ್‌ಗೆ ಪಂಚಾಕ್ಷರಪ್ಪ ಮಾಡುವ ನಮಸ್ಕಾರ.

ಲಾರಿ ಬಡಿದ ನನ್ನ ಹೆಂಡತಿ ಸರ್ವಮಂಗಳಾನ್ನ ದಾವಣಗೆರೆ ಆಸ್ಪತ್ರೆಗೆ ತಂದಾಗ, ನೀವು ಎಚ್ಚರ ಎಷ್ಟೈತೆ ಅಂತ ನೋಡಿ ‘ಹದಿನೈದಕ್ಕೆ ಮೂರು’ ಅಂತ ಬರೆದ್ರಿ.

“ಮೂರಾದ್ರೂ ಐತಲ್ಲ ತಾಯಿ, ನಾಳೆ ನಾಕಾಗಬಹುದಲ್ಲ?” ಅಂದೆ.

ನೀವು ಮಂಚದ ಪಕ್ಕ ಸ್ಟೂಲ್ ಎಳೆದು ಹಾಕಿ, “ಹತ್ರ ಕೂತು ಮಾತಾಡ್ರಿ ಯಜಮಾನ್ರೇ” ಅಂದ್ರಿ.

ಅವಳು ಹೋಗೋವರೆಗೂ ಎರಡು ದಿನ ಮಾತಾಡಿದೆ. ಮೂವತ್ತು ವರ್ಷದ ಸಂಸಾರದಲ್ಲಿ ಅಷ್ಟು ಮಾತಾಡಿದ್ದಿಲ್ಲ. ಬೈದಿದ್ದಕ್ಕೆಲ್ಲ ತಪ್ಪಾಯ್ತು ಅಂದೆ.

ಮೂರಕ್ಕಿಂತ ಕೆಳಗೆ ಅಂಕವೇ ಇಲ್ಲ, ಉಸಿರು ನಿಂತವರಿಗೂ ಮೂರೇ ಅಂತ ಅವಳ ಶಿವಗಣಾರಾಧನೆ ದಿನ ಕಾಂಪೌಂಡರ್ ನಾಗಭೂಷಣ ಹೇಳಿದ.

ನಿಮ್ಮ ಮೇಲೆ ಸಿಟ್ಟಿಲ್ಲ ತಾಯಿ. ಅವತ್ತೇ ಹೇಳಿದ್ದರೆ ನನಗೆ ಅವಳ ಹತ್ರ ಮಾತಾಡೋಕೆ ಬಾಯೇ ಬರ್ತಿರಲಿಲ್ಲ.

ನಾನಂದಿದ್ದು ಅವಳಿಗೆ ಕೇಳಿಸಿತ್ತಾ ಅಂತ ಮಾತ್ರ ಕೇಳೋದಿಲ್ಲ. ನೀವೂ ಬರೀಬ್ಯಾಡ್ರಿ.

ಇಂತಿ,
ಪಂಚಾಕ್ಷರಪ್ಪ