ನೀಲಿ ಚೆಂಡಿನ ಮೇಲಿನ ಗೆರೆ

ಬೌಲಿಂಗ್ ಹಾಲ್‌ನ ಹಿಂದಿನ ಕೋಣೆ
ಸೋಮವಾರ ಬೆಳಿಗ್ಗೆ

ನನ್ನ ಮುದ್ದು ಎಡಚಾ,

ಹೇಗಿದೀಯೋ? ಹೊತ್ತಿಗೆ ಸರಿಯಾಗಿ ಊಟ ಮಾಡ್ತೀಯಾ? ಆ ಕೆಮ್ಮು ಹೋಯ್ತಾ? ಹಿಂದಿನ ಕಾಗದಗಳಿಗೆ ನೀನು ಉತ್ತರ ಬರೀಲಿಲ್ಲ, ಆದ್ರೆ ಅವು ವಾಪಸ್ಸೂ ಬರಲಿಲ್ಲ. ಯಾರೋ ತೊಗೊಳ್ತಿದಾರೆ, ಆ ಯಾರೋ ನೀನೇ ಅಂತ ನಂಬ್ಕೊಂಡು ಬರೀತಿದೀನಿ. ನಾನು ಗಟ್ಟಿಯಾಗೇ ಇದೀನಿ. ನಿಮ್ಮಪ್ಪನ ಮಂಡಿ ಮಾತ್ರ ಮೆಟ್ಟಿಲು ಕಂಡ್ರೆ ಮುನಿಸ್ಕೊಳುತ್ತೆ.

ನನ್ನ ಕೆಲಸ ಅದೇ. ಆಡಿ ಆಡಿ ನುಣ್ಣಗಾದ ಚೆಂಡು ಲೇನ್ ಹಲಗೆ ಮೇಲೆ ಹಿಡಿತ ಸಿಗದೆ, ನಿಲ್ಲಿಸಿದ ಪಿನ್ನುಗಳ ಕಡೆ ಉರುಳೋ ಬದಲು ಜಾರುತ್ತೆ. ಅದನ್ನ ತಿರುಗೋ ಮಷೀನಿನ ಬಟ್ಟಲಲ್ಲಿ ಕೂರಿಸಿ, ನೀರು ಚಿಮುಕಿಸಿ, ಮೊದಲು ಒರಟು ಪ್ಯಾಡು, ಆಮೇಲೆ ನಯವಾದ ಪ್ಯಾಡು ಒತ್ತಿ ಉಜ್ಜೋದು. ಮಗ್ಗುಲು ಬದಲಾಯಿಸ್ತಾ ಎಲ್ಲಾ ಕಡೆ ಸಮ ಉಜ್ಜಬೇಕು, ಇಲ್ಲಾಂದ್ರೆ ಚೆಂಡು ಸೊಟ್ಟ. ನಿನ್ನ ನೀಲಿ ಚೆಂಡನ್ನೂ ಹಾಗೇ ಉಜ್ಜಿ, ಒರೆಸಿ ಕಪಾಟಿನಲ್ಲಿ ಇಟ್ಟಿದ್ದೆ. ನೀನು ಹೋದಾಗಿಂದ ಅದನ್ನ ಯಾರೂ ಮುಟ್ಟಿರಲಿಲ್ಲ.

ಈಗ ಮುಟ್ತಿದಾರೆ ಕಣೋ. ಒಂದಿನ ಬಂದು ನೋಡ್ತೀನಿ, ಅದರ ಮೈಸುತ್ತ ಬಳೆ ತೊಡಿಸಿದ ಹಾಗೆ ಎಣ್ಣೆ ಗೆರೆ! ಲೇನಿಗೆ ಬಳಿಯೋ ಎಣ್ಣೆ ಅದು, ಉರುಳಿದ ಚೆಂಡಿಗೆ ಮಾತ್ರ ಹತ್ತೋದು. ಉಜ್ಜಿ ತೆಗೆದೆ. ವಾರ ಕಳೆಯೋದ್ರಲ್ಲಿ ಮತ್ತೆ ಬಂತು. ತೆಗೆದಷ್ಟೂ ಬರುತ್ತೆ. ಆಮೇಲೊಂದು ಬೆಳಿಗ್ಗೆ, ಇನ್ನೂ ದೀಪ ಹಾಕದ ಹಾಲ್‌ನ ಕೊನೇ ಲೇನಲ್ಲಿ ಗುಡುಗುಡು ಉರುಳೋ ಸದ್ದು, ಹಿಂದೇನೇ ಪಿನ್ನುಗಳು ಬಿದ್ದ ಸದ್ದು. ಬಾಗಿಲಲ್ಲೇ ನಿಂತುಬಿಟ್ಟೆ. ಬೂಟು ಬಾಡಿಗೆ ಕೊಡೋಳು ದೆವ್ವ ಅಂತಾಳೆ. "ನಿನ್ನ ಹತ್ರ ಬೂಟು ತೊಗೊಳ್ದೆ ಆಡುತ್ತೇನೇ ಅದು?" ಅಂತ ನಗಾಡಿದೆ. ಆದ್ರೆ ಬದುಕಿರೋರು ಹೀಗೆ ಮುಖ ತೋರಿಸದೆ ಬಂದು ಹೋಗ್ತಾರಾ ಅಂತ ಒಂದು ಹಾಳು ಯೋಚನೆ ಬಂತು. ಬಿಡ್ತು ಅನ್ನು.

ನಿಮ್ಮಪ್ಪನಿಗೆ ಹೇಳ್ದೆ, "ಮಗ ಕದ್ದು ಬಂದು ಆಡ್ತಿದಾನೆ ಕಣ್ರೀ." ಪಿನ್ ನಿಲ್ಲಿಸೋ ಮಷೀನಿಗೆ ಗ್ರೀಸ್ ಹಚ್ತಿದ್ದೋರು ತಲೆ ಎತ್ತಲಿಲ್ಲ. "ಬಂದಿರ್ತಾನೆ ಬಿಡು. ಕೋಪ ಇರೋದು ನನ್ನ ಮೇಲೆ ತಾನೆ" ಅಂದ್ರು. ನೀನು ಹೋದ ದಿನ ನಿನಗೆ "ಈ ಹೊಸ್ತಿಲು ತುಳೀಬೇಡ" ಅಂದ ಅದೇ ಬಾಯಿ! ಆಮೇಲೆ ನಿನ್ನ ಸುದ್ದೀನೇ ಎತ್ತಿರಲಿಲ್ಲ. ಎಷ್ಟೋ ದಿನದಿಂದ ಅನ್ನ ಸೇರ್ತಿರಲಿಲ್ಲ, ಆ ರಾತ್ರಿ ನಾನು ಎರಡು ತುತ್ತು ಜಾಸ್ತಿ ಉಂಡೆ. ಅವರು ಅದನ್ನೇ ನೋಡ್ತಾ ಕೂತಿದ್ರು.

ಕೆಲಸ ಕಾಯ್ತಿದೆ, ನಿಲ್ಲಿಸ್ತೀನಿ. ಎಲ್ಲಿದ್ರೂ ತಣ್ಣಗಿರು, ಕಂದಾ.

ನಿನ್ನ
ಅಮ್ಮ

ಇದೊಂದು ಬರೀದೆ ಇರೋಕಾಗಲ್ಲ: ಎಡಗೈಲಿ ಎಸೆಯೋ ನಿನ್ನ ಗೆರೆ ಚೆಂಡಿಗೆ ಹೆಬ್ಬೆರಳು ತೂರಿಸೋ ತೂತಿನ ಬಲಕ್ಕೆ ಬೀಳುತ್ತೆ. ಇದು ಎಡಕ್ಕಿದೆ, ಬಲಗೈಯೋರದು. ಮೊದಲ ದಿನವೇ ಕಂಡಿತ್ತು, ಕಂಡೂ ನೀನೇ ಅಂದ್ಕೊಂಡೆ, ಆಸೆ ನೋಡು. ನಿನ್ನೆ ಬೆಳಿಗ್ಗೆ ಧೈರ್ಯ ಮಾಡಿ ಇಣುಕಿದೆ. ಕೊನೇ ಲೇನಲ್ಲಿ ನಿಮ್ಮಪ್ಪ ಜಾರಿಬಿದ್ದು ಮಂಡಿ ಹಿಡ್ಕೊಂಡು ಕೂತಿದ್ರು, ಮಡಿಲಲ್ಲಿ ನಿನ್ನ ಚೆಂಡು. ಬಾಗಿಲ ಹೊರಗೇ ನಿಂತು ಜೋರಾಗಿ ಕೆಮ್ಮಿದೆ, ಎದ್ದು ಸುಧಾರಿಸ್ಕೊಳ್ಳಲಿ ಅಂತ. ನೀನೇ ಬರ್ತಿದೀಯ ಅಂದ್ಕೊಂಡು ನಾನು ಉಣ್ಣಲಿ ಅಂತ ಮಾಡ್ತಿದಾರೆ, ಬೇಡ ಅನ್ನೋಕೆ ನನಗೆ ಬಾಯಿಲ್ಲ. ಇವತ್ತೂ ಗೆರೆ ಇದೆ. ಮನೆಗೆ ಬರದಿದ್ರೂ ಚಿಂತೆಯಿಲ್ಲ, ಒಂದೇ ಒಂದು ಸಲ ಬಂದು ಎಡಗೈಲಿ ಉರುಳಿಸಿ ಹೋಗೋ. ಆ ಗೆರೆಯನ್ನ ಮಾತ್ರ ನಾನು ಉಜ್ಜಲ್ಲ.