ಒಂದನೇ ಗೂಡಿನ ಕೊಲೆಸ್ಟ್ರಾಲ್

ಮಾರ್ಚ್ 12, ಸೋಮವಾರ, ಮಧ್ಯಾಹ್ನ

...ಅದೇ ನಾನೂ ಹೇಳಿದ್ದು. ಕೋಳಿಯ ರಕ್ತದಲ್ಲಿ ಕೊಬ್ಬಿದ್ದರೆ ಕೋಳಿಗೇನು ನಷ್ಟ? ಬ್ರಾಯ್ಲರ್ ಬದುಕುವುದೇ ಆರು ವಾರ. ಹಾರ್ಟ್ ಅಟ್ಯಾಕಿಗೂ ಪುರುಸೊತ್ತಿಲ್ಲ. ಸೊಸೆ ನಿನ್ನೆ ಕೈ ಒಣಗುವ ತನಕ ತಟ್ಟೆಯ ಮುಂದೆ ಕೂತು ವಾದ ಮಾಡಿದಳು. "ತಿನ್ನೋರಿಗೆ ಒಳ್ಳೇದು ಮಾವ. ಮಾಂಸದಲ್ಲೂ ಕೊಬ್ಬು ಕಮ್ಮಿ ಆಗ್ಬಹುದು." ಆಗಬಹುದು! ರಿಸರ್ಚಿನವರ ಬಾಯಲ್ಲಿ ಎಲ್ಲವೂ ಬಹುದು.

ಹಿತ್ತಲ ಶೆಡ್ಡಿನಲ್ಲಿ ಅವಳ ಮೂರು ಗೂಡು. ಒಂದನೆಯದಕ್ಕೆ ಬರೀ ಮಾಮೂಲು ಮೇವು. ಎರಡನೆಯದಕ್ಕೆ ಅದರ ಜೊತೆ ಗೋಧಿ ಬೂಸಾ, ಅಂದರೆ ನಾರು. ಮೂರನೆಯದಕ್ಕೆ ಬೂಸಾ, ಮೇಲೆ ಬೆಳ್ಳುಳ್ಳಿ ಪುಡಿ. ಕಡೆಗೆ ರಕ್ತ ತೆಗೆದು ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ನೋಡುವುದು. ಒಂದಕ್ಕಿಂತ ಎರಡು, ಮೂರರಲ್ಲಿ ಕಮ್ಮಿ ಬಂದರೆ ಕಾಲೇಜಿನ ಕಮಿಟಿ ದೊಡ್ಡ ಶೆಡ್ ಕೊಡುತ್ತದೆ, ಪಿಎಚ್‌ಡಿ ಮುಂದಕ್ಕೆ ಹೋಗುತ್ತದೆ. ಬಾರದಿದ್ದರೆ ಬೇರೆ ವಿಷಯ ಹುಡುಕಿಕೊ ಅನ್ನುತ್ತಾರೆ. ಅವಳು ಕ್ಲಾಸಿಗೆ ಹೋದಾಗ ಮೇವು ತೂಗಿ ಹಾಕುವುದು ನನ್ನ ಕೆಲಸ. ನನ್ನಾಕೆ ತೀರಿಕೊಂಡ ಮೇಲೆ ನನಗೂ ಒಂದು ಡ್ಯೂಟಿ ಅಂತ ಸಿಕ್ಕಿದ್ದು ಇದೇ. ನಾನು ಓದುವಾಗ ಕಾಲೇಜಿನಲ್ಲಿ ಎಕನಾಮಿಕ್ಸ್ ಮೇಷ್ಟ್ರು ಹೇಳುತ್ತಿದ್ದರು — ಅದರ್ ಥಿಂಗ್ಸ್ ಬೀಯಿಂಗ್... ಏನೋ. ಸೇಮ್?

ಕೊಲೆಸ್ಟ್ರಾಲ್ ನನಗೂ ಜಾಸ್ತಿ. ಹಾಗಾಗಿ ಫ್ರಿಜ್ಜಿನಲ್ಲಿ ದಿನಾ ನನ್ನ ಹೆಸರಿಗೆ ಒಂದು ಬಟ್ಟಲು — ಹಸಿ ಎಲೆಕೋಸು, ಬೀನ್ಸ್, ಕ್ಯಾರೆಟ್ ತುರಿ. ಮಗ ನನ್ನನ್ನು ನಾಲ್ಕನೇ ಗೂಡು ಅನ್ನುತ್ತಾನೆ. ಕಟ್ಟಿಸಿದ ಹಲ್ಲಿನಲ್ಲಿ ಎಷ್ಟು ಹೊತ್ತು ಮೆಲುಕು ಹಾಕಲಿ? ಎರಡು ತುತ್ತು ನಾನು, ಉಳಿದದ್ದು ಒಂದನೇ ಗೂಡಿಗೆ. ಪಾಪ, ಅವಕ್ಕೆ ಬೂಸಾ ಇಲ್ಲ, ಬೆಳ್ಳುಳ್ಳಿ ಇಲ್ಲ, ಏನೂ ಇಲ್ಲ. ಬಟ್ಟಲು ಕಂಡರೆ ಜಾಲರಿಗೆ ಮುತ್ತಿಕೊಳ್ಳುತ್ತವೆ. ಮೇವಿನ ತೂಕ ತಪ್ಪಿಸಿಲ್ಲ. ಇದು ಸುಮ್ಮನೆ ಬಾಯಾಡಿಸಲಿಕ್ಕೆ.

ಮಾರ್ಚ್ 19, ಸೋಮವಾರ

ರಕ್ತ ತೆಗೆದಾಯಿತು. ಖಾಲಿ ಹೊಟ್ಟೆಯ ಕೋಳಿಗಳು, ಖಾಲಿ ಹೊಟ್ಟೆಯ ನಾವು. ರೆಕ್ಕೆ ಬಿಡಿಸಿ ಹಿಡಿಯುವವನು ನಾನು, ಸೂಜಿ ಲ್ಯಾಬಿನವನದು.

"ಗಟ್ಟಿಯಾಗಿ ಹಿಡ್ಕೊಳ್ಳಿ ಯಜಮಾನ್ರೇ, ಮೊಮ್ಮಗು ಅಲ್ಲ ಅದು."

"ನಿನ್ನ ಸೂಜಿ ನೋಡಿ ನನ್ನ ಕೈಯೇ ನಡುಗ್ತಿದೆಯಪ್ಪ."

"ನಿಮ್ದೂ ತೆಗೆದುಬಿಡ್ಲಾ? ಕೋಳಿ ರೇಟಿಗೇ ಮಾಡ್ಕೊಡ್ತೀನಿ."

ಸೊಸೆ ನಕ್ಕಳು. ಈ ತಿಂಗಳಲ್ಲಿ ಅವಳು ನಕ್ಕದ್ದು ಕಡಿಮೆ.

ಮಾರ್ಚ್ 24, ಶನಿವಾರ

ರಿಪೋರ್ಟ್ ಬಂತು. ಮೂರು ಗೂಡೂ ಹೆಚ್ಚುಕಮ್ಮಿ ಒಂದೇ. ಒಂದನೆಯದರಲ್ಲಿ ಇರಬೇಕಾದಷ್ಟು ಕೊಬ್ಬು ಇಲ್ಲ. ಸೊಸೆ ಕಾಗದವನ್ನು ತಿರುಗಿಸಿ ಹಿಂಭಾಗವನ್ನೂ ನೋಡಿದಳು. ಅಲ್ಲೇನಿರುತ್ತದೆ...

"ಮಾವ, ಒಂದನೇ ಗೂಡಿಗೆ ಕೈತಪ್ಪಿ ಬೂಸಾ ಏನಾದ್ರೂ ಬಿತ್ತಾ?"

"ಇಲ್ಲಮ್ಮ. ಒಂದು ಚಿಟಿಕೆನೂ ಬಿದ್ದಿಲ್ಲ."

ಸುಳ್ಳಲ್ಲ. ಆದರೆ ಹೇಳಿ ಮುಗಿಸುವಷ್ಟರಲ್ಲಿ ಫ್ರಿಜ್ಜಿನ ಬಟ್ಟಲು ಕಣ್ಣ ಮುಂದೆ ಬಂತು. ಎಲೆಕೋಸು. ನಾರು ಅಂದರೆ ಬೂಸಾ ಒಂದೇ ಅಂತ ಯಾರು ಹೇಳಿದರು? ಡಾಕ್ಟರು ನನಗೆ ಎಲೆಕೋಸು ತಿನ್ನು ಅಂದದ್ದೇ ಫೈಬರ್ ಅಂತ. ಅದರ್ ಥಿಂಗ್ಸ್ ಬೀಯಿಂಗ್ ಈಕ್ವಲ್ — ಉಳಿದದ್ದೆಲ್ಲ ಸಮ ಇದ್ದರೆ. ಈಗ ನೆನಪಾಯಿತು, ಹಾಳಾದ್ದು.

ಹೇಳಲಿಲ್ಲ.

ಮಾರ್ಚ್ 28, ಬುಧವಾರ

ಬೆಳಿಗ್ಗೆ ಅವಳ ಲ್ಯಾಪ್‌ಟಾಪಿನಲ್ಲಿ ಕಂಡೆ. ನಾರಿನಿಂದ ರಕ್ತದ ಕೊಬ್ಬಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ಎಂದು. ಕೆಳಗೆ ಅವಳ ಹೆಸರು. ಕಮಿಟಿಗೆ ಹೋಗುವುದು ಅದು. ನಾಳೆ ಯಾರೋ ಅದನ್ನೇ ನಿಜ ಅಂದುಕೊಂಡು ಓದುತ್ತಾರೆ. ಅಡುಗೆಮನೆಗೆ ಹೋದೆ.

"ಅದನ್ನ ಕಳಿಸ್ಬೇಡಮ್ಮ. ನಿಂದು ಸರಿ ಇತ್ತು. ಕೆಡಿಸಿದ್ದು ನಾನು."

"ಏನ್ ಕೆಡಿಸಿದ್ರಿ?"

"ನನ್ನ ಬಟ್ಟಲು... ಒಂದನೇ ಗೂಡು ತಿಂತಿತ್ತು."

ತಕ್ಷಣ ತಿಳಿಯಲಿಲ್ಲ ಅವಳಿಗೆ. ತಿಳಿದ ಮೇಲೆ ಒಲೆ ಆರಿಸಿದಳು.

"ಯಾವಾಗಿಂದ?"

"ಮರಿಗಳು ಎಲೆಕೋಸು ಕುಕ್ಕೋ ಹಾಗಾದಾಗಿಂದ."

"ದಿನಾ?"

"ಭಾನುವಾರ ಬಿಟ್ಟು. ಭಾನುವಾರ ನೀನು ಎದುರಿಗೇ ಕೂತಿರ್ತೀಯಲ್ಲ."

ಕೂಗಾಡಿದ್ದರೆ ಚೆನ್ನಾಗಿತ್ತು. "ಶನಿವಾರ ಕೇಳ್ದೆನಲ್ಲ ಮಾವ" ಅಂದಳು, ಅಷ್ಟೇ. ಗೈಡಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅವರು ಬೈಯುವುದು ನನಗೂ ಕೇಳಿಸಿತು. ಇನ್ನೊಂದು ಬ್ಯಾಚ್ ಸಾಕಬಹುದಂತೆ, ಅದೇ ಕೊನೆ. ಫೋನ್ ಇಟ್ಟು ನನ್ನ ಕಡೆ ನೋಡದೆ ಹೇಳಿದಳು. "ಇನ್ನು ನೀವು ಶೆಡ್ಡಿಗೆ ಬರೋದು ಬೇಡ. ದಯವಿಟ್ಟು."

ದಯವಿಟ್ಟು ಅಂದಳಲ್ಲ, ಅದು ಚುಚ್ಚಿತು.

ಮಗ ನಾಲ್ಕನೇ ಗೂಡು ಅಂತ ಜೋಕ್ ತೆಗೆದ. ಯಾರೂ ನಗಲಿಲ್ಲ.

ಏಪ್ರಿಲ್ 9, ಸೋಮವಾರ, ಸಂಜೆ

ಹೊಸ ಮರಿಗಳು ಬಂದು ಕೆಲವು ದಿನವಾಯಿತು. ನಾನು ನೋಡಿಲ್ಲ. ಚಿಂವ್ ಚಿಂವ್ ಕೇಳುತ್ತದೆ, ಅಷ್ಟೇ. ಮಗ ತೂಗುತ್ತಾನೆ, ನೆಲಕ್ಕೂ ಒಂದು ಪಾಲು ಚೆಲ್ಲುತ್ತಾನೆ. ಹೇಳಲು ನಾನ್ಯಾರು.

ಈಗ ಫೋನ್ ಬಂತು. "ಮಾವ, ಇಲ್ಲಿ ಮೀಟಿಂಗ್ ಮುಗೀತಾ ಇಲ್ಲ, ಇವರು ಡ್ಯೂಟಿಯಿಂದ ಬರೋದೂ ತಡ. ಮರಿಗಳಿಗೆ ಬಲ್ಬ್ ಹಾಕ್ಬೇಕು. ಕತ್ತಲಾದ್ರೆ ಚಳಿಗೆ ಒಂದರ ಮೇಲೊಂದು ಬಿದ್ದು ಸಾಯ್ತವೆ."

"ನಾನು ಒಳಗೆ ಹೋಗ್ಲಾ?"

"ಹೋಗ್ದೆ ಹೇಗೆ ಹಾಕ್ತೀರಿ?"

"ಅಲ್ಲ, ನೀನೇ ಹೇಳಿದ್ದೆ..."

"ಮಾವ. ಬಲ್ಬ್ ಹಾಕಿ, ನೀರು ನೋಡಿ. ಮೂರು ಗೂಡಿಂದೂ ತೂಗಿ ಇಟ್ಟಿದೀನಿ, ನೀವೇ ಹಾಕ್ಬಿಡಿ. ಬೇರೆ ಏನೂ ಬೇಡ."

"ಬೇರೆ ಏನೂ ಇಲ್ಲಮ್ಮ."

ಈಗಲೇ ಹಾಕಿದರೆ ಬಿಸಿ ಜಾಸ್ತಿ, ಬಿಸಿಲಿನ್ನೂ ತಗಡಿನ ಮೇಲಿದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಕೈ ಎರಡೆರಡು ಸಲ ತೊಳೆದೆ. ಜೇಬು ಕೊಡವಿದೆ — ಬಿಸ್ಕತ್ತಿನ ಚೂರೊಂದಿತ್ತು, ನಾನೇ ತಿಂದೆ. ನಾಳೆಯೂ ನಾನೇ ಹೋಗುವುದೋ ಇವತ್ತಿಗೆ ಮಾತ್ರವೋ, ಕೇಳಬೇಕಿತ್ತು. ಐ ಶುಡ್ ಹ್ಯಾವ್ ಆಸ್ಕ್... ಆಸ್ಕ್ಡ್? ಕೇಳದಿದ್ದದ್ದೇ ಒಳ್ಳೆಯದು. ಬೇಡ ಅಂದುಬಿಟ್ಟಿದ್ದರೆ?

ಅಕ್ಷರ ಮಸುಕಾಗುತ್ತಿದೆ. ಕನ್ನಡಕ ಅಂದುಕೊಂಡೆ. ಅಲ್ಲ, ಬೆಳಕೇ ಇಳಿಯುತ್ತಿದೆ, ಮರಿಗಳ ಸದ್ದೂ ಬೇರೆಯಾಗಿದೆ, ನಾನಿನ್ನು ಬಲ್ಬ್ ಹಾಕಲು...